ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್: ಜೆನ್ ಕೊನೆಗೆ ಸೇತುವೆಯಿಂದ ಹಾರಿದ್ದೇಕೆ?

ಸಂಜೆಮಲ್ಲಿಗೆ:
ಆಂಗ್ ಲೀ ನಿರ್ದೇಶಿಸಿದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರವನ್ನು ಕಳೆದ ಶನಿವಾರ ರಾತ್ರಿ ಮನೆಯಲ್ಲಿ ನಾಲ್ವರೂ ಕುಳಿತು ನೋಡಿದೆವು. 2000ರಲ್ಲಿ ತೆರೆಕಂಡ ಚಿತ್ರವಾದ್ದರಿಂದ ಕಥೆಯನ್ನು ಬಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಬಹುದು. ಚಿತ್ರ ಮುಗಿದಾಗ ಹತ್ತೂವರೆ, ವಾದ ಮುಗಿದಾಗ ಹನ್ನೆರಡು ದಾಟಿತ್ತು. ಐದು ವರ್ಷಗಳಿಂದ ಕರಾಟೆ ಕಲಿಯುತ್ತಿರುವ ಮಗ, ಮಾಳಿಗೆಯಿಂದ ಮಾಳಿಗೆಗೆ ಜನ ತೇಲುವುದನ್ನು ಕಂಡು ನಗಲು ಆರಂಭಿಸಿದವನು ಕೊನೆಯವರೆಗೂ ನಿಲ್ಲಿಸಲಿಲ್ಲ. ಮರುಭೂಮಿಯ ಪ್ರಸಂಗ ಬಂದಾಗ ನನ್ನ ಪತಿಗೆ ನಿದ್ದೆ ಬಂದಿತು. ಇಂಗ್ಲಿಷ್ ಓದಲು ಬಾರದ ನಮ್ಮತ್ತೆ ಮಾತ್ರ ಅಡಿಬರಹದ ಗೊಡವೆಯೇ ಇಲ್ಲದೆ, ಬಿಡಿಸುತ್ತಿದ್ದ ಅವರೆಕಾಯಿಯನ್ನು ಮಡಿಲಲ್ಲೇ ಮರೆತು ನೋಡಿದರು. ಎದ್ದು ಹೋಗುವಾಗ, “ಆ ಆಯಮ್ಮನಿಗೆ ಎಲ್ಲರೂ ಸೇರಿ ಅನ್ಯಾಯ ಮಾಡಿದರು” ಎಂದಷ್ಟೇ ಹೇಳಿ ಮಲಗಲು ಹೋದರು. ಆಯಮ್ಮ ಎಂದರೆ ಕಥೆಯ ಹುಡುಗಿ ಜೆನ್‌ಳನ್ನು ಸಾಕಿದ ಆಯಾ ಜೇಡ್ ಫಾಕ್ಸ್, ಅಂದರೆ ಚಿತ್ರದ ಖಳನಾಯಕಿ!

ನನ್ನ ಪ್ರಶ್ನೆ ಬೇರೆ. ಹಿರಿಯ ಕತ್ತಿಗಾರ ಲೀ ಮು ಬಾಯ್ ಜೇಡ್ ಫಾಕ್ಸ್‌ಳ ವಿಷದಿಂದ ಸತ್ತ ಮೇಲೆ, ದೊಡ್ಡ ಮನೆತನದ ಹುಡುಗಿ ಜೆನ್ ಅವನ ಕದನಕಲೆಯ ಗುರುಕುಲವಿರುವ ವೂಡಾಂಗ್ ಬೆಟ್ಟಕ್ಕೆ ಹೋಗುತ್ತಾಳೆ, ತನಗಾಗಿ ಕಾದಿದ್ದ ಪ್ರಿಯಕರ ಲೋ ಎಂಬವನೊಡನೆ ಒಂದು ರಾತ್ರಿ ಕಳೆಯುತ್ತಾಳೆ, ಬೆಳಿಗ್ಗೆ ಸೇತುವೆಯಿಂದ ಮೋಡದೊಳಗೆ ಹಾರುತ್ತಾಳೆ. ಅಷ್ಟು ದೂರ ನಡೆದು ಬಂದವಳು ಹಾರುವುದೇಕೆ? ಕಥೆಯನ್ನು ಮುಗಿಸುವ ದಾರಿ ಕಾಣದೆ ಚಿತ್ರತಂಡ ಹೂಡಿದ ಉಪಾಯದಂತೆ ನನಗೆ ಕಂಡಿತು. ಚಿತ್ರವನ್ನು ಮೆಚ್ಚಿದವರೂ ಮೆಚ್ಚದವರೂ ತಿಳಿಸಬೇಕೆಂದು ಕೋರುತ್ತೇನೆ.

ಗರಡಿಮನೆ:
ನಾನು ನಿಮ್ಮ ಮಗನ ಪಕ್ಷ. ಹದಿನಾಲ್ಕು ವರ್ಷ ಕರಾಟೆ ಅಭ್ಯಾಸ ಮಾಡಿದ ನನಗೆ ತಿಳಿದಿರುವ ಒಂದು ಸರಳ ಸಂಗತಿಯೆಂದರೆ, ಹೊಡೆತಕ್ಕೆ ಬಲ ಬರುವುದು ನೆಲದಿಂದ. ಹಿಮ್ಮಡಿ ಊರಿ, ಸೊಂಟ ತಿರುಗಿ, ಆ ಬಲ ಭುಜದ ಮೂಲಕ ಮುಷ್ಟಿಗೆ ಇಳಿಯಬೇಕು. ಕಾಲೇ ನೆಲದ ಮೇಲೆ ಇಲ್ಲದವರ ಹೊಡೆತಕ್ಕೆ ತೂಕ ಎಲ್ಲಿಂದ ಬರುತ್ತದೆ? ಬ್ರೂಸ್ ಲೀ ಒದ್ದಾಗ ನೋಡುವವನ ಪಕ್ಕೆಲುಬು ನೋಯುತ್ತಿತ್ತು. ಇಲ್ಲಿ ನೋಯುವುದು ಕತ್ತು ಮಾತ್ರ, ಏಕೆಂದರೆ ಎಲ್ಲರೂ ಮೇಲೆಯೇ ಇರುತ್ತಾರೆ. ಇನ್ನು ಮೊದಲ ಹೊಡೆದಾಟಕ್ಕೆ ಹದಿನೈದು ನಿಮಿಷ ಕಾಯಬೇಕು. ಅಲ್ಲಿಯವರೆಗೆ ಕತ್ತಿಯೊಂದನ್ನು ಯಾರಿಗೆ ಕೊಡಬೇಕೆಂಬ ಮಾತುಕತೆ, ಚಹಾ, ನಿಟ್ಟುಸಿರು. ಕೊನೆಯ ಹಾರಾಟದ ಅರ್ಥವನ್ನು ಕೇಳುವ ಮೊದಲು ಮೊದಲ ಹಾರಾಟದ ಅರ್ಥವನ್ನು ಯಾರಾದರೂ ಹೇಳಲಿ.

ಹಳೇಟಾಕೀಸು:
ಗರಡಿಮನೆಯವರೇ, ನೀವು ದೋಸೆ ಹೋಟೆಲಿಗೆ ಹೋಗಿ ಮುದ್ದೆ ಏಕಿಲ್ಲವೆಂದು ಜಗಳ ತೆಗೆಯುತ್ತಿದ್ದೀರಿ. ಇದು ಕುಂಗ್ ಫೂ ಚಿತ್ರವಲ್ಲ, ವೂಶ್ಯಾ ಚಿತ್ರ. ಎರಡೂ ಚೀನೀ ಕದನಕಲೆಯವೇ ಆದರೂ ಮನೆತನ ಬೇರೆ. ಕುಂಗ್ ಫೂ ಚಿತ್ರಕ್ಕೆ ಬರಿಗೈ, ಬೆವರು, ಗರಡಿ ಇವು ಮುಖ್ಯ. ವೂಶ್ಯಾ ಎಂಬುದು ಕತ್ತಿ ಹಿಡಿದು ಅಲೆಯುವ ಧೀರರ ಅದ್ಭುತ ಕಥೆಗಳ ಪರಂಪರೆ. ಅದರ ಬೇರು ಜಾನಪದದಲ್ಲೂ ಪತ್ರಿಕೆಗಳ ಧಾರಾವಾಹಿ ಕಾದಂಬರಿಗಳಲ್ಲೂ ಇದೆ. ಈ ಚಿತ್ರದ ಮೂಲವೂ ಚೀನೀ ಲೇಖಕ ವಾಂಗ್ ಡುಲು 1930-40ರ ದಶಕಗಳಲ್ಲಿ ಬರೆದ ಐದು ಕಾದಂಬರಿಗಳ ಸರಣಿಯಲ್ಲಿ ನಾಲ್ಕನೆಯದು. ಆ ಲೋಕದಲ್ಲಿ ಸಾಧನೆಯಿಂದ ದೇಹವನ್ನು ಹಗುರ ಮಾಡಿಕೊಳ್ಳುವ ವಿದ್ಯೆಯೊಂದು ಉಂಟೆಂದು ಓದುಗರು ಮೊದಲೇ ಒಪ್ಪಿರುತ್ತಾರೆ. ನಮ್ಮ ಅಷ್ಟಸಿದ್ಧಿಗಳಲ್ಲಿ ಲಘಿಮಾ ಎಂಬುದಿಲ್ಲವೇ? ಅದೇ ಎಂದುಕೊಳ್ಳಿ.

ಇನ್ನೊಂದು ಮಾತು. ಇಲ್ಲಿ ಹಾರುವವರು ಕಂಪ್ಯೂಟರಿನ ಗೊಂಬೆಗಳಲ್ಲ. ಕ್ರೇನುಗಳಿಂದ ತಂತಿ ಕಟ್ಟಿ ತೂಗಿಬಿಟ್ಟ ನಟನಟಿಯರೇ. ಕಂಪ್ಯೂಟರಿನಲ್ಲಿ ತಂತಿಯನ್ನು ಅಳಿಸಿದ್ದಾರೆ, ಅಷ್ಟೇ. ಸಾಹಸ ಸಂಯೋಜಕ ಯುಯೆನ್ ವೂ ಪಿಂಗ್. ಅದಕ್ಕೂ ಹಿಂದಿನ ವರ್ಷ ‘ಮೇಟ್ರಿಕ್ಸ್’ ಚಿತ್ರಕ್ಕೆ ಇದೇ ವ್ಯಕ್ತಿ ತಂತಿ ಕಟ್ಟಿದಾಗ ನಾವೆಲ್ಲ ಬಾಯಿ ತೆರೆದು ನೋಡಿದೆವು, ಆಗ ಯಾರೂ ಹಿಮ್ಮಡಿಯ ಲೆಕ್ಕ ಕೇಳಲಿಲ್ಲ.

ನೇರನುಡಿ:
ಲಘಿಮಾ ಸಿದ್ಧಿಸಿದವರು ಊರಿಂದೂರಿಗೆ ಕುದುರೆಯ ಮೇಲೆ ಏಕೆ ಪ್ರಯಾಣ ಮಾಡುತ್ತಾರೆ?

ಹಳೇಟಾಕೀಸು:
ಒಂದೇ ನೆಗೆತಕ್ಕೆ ಸಮುದ್ರ ದಾಟಿದ ಹನುಮಂತನೂ ಕಡಲ ತಡಿಯವರೆಗೆ ಉಳಿದ ಕಪಿಗಳೊಡನೆ ಕಾಡುಮೇಡು ಅಲೆದೇ ಬಂದ.

ಮುಳ್ಳುಬಿದಿರು:
ಬಿದಿರಿನ ಮೇಲಿನ ಕಾಳಗದ ಬಗ್ಗೆ ನನ್ನದೊಂದು ಮಾತು, ಏಕೆಂದರೆ ನಾನು ಹುಟ್ಟಿ ಬೆಳೆದ ಮನೆಯ ಹಿತ್ತಿಲು ಮುಗಿಯುವುದೇ ಬಿದಿರು ಮೆಳೆಯಲ್ಲಿ. ಆ ದೃಶ್ಯವನ್ನು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಆಂಜಿ ಎಂಬಲ್ಲಿ ಚಿತ್ರೀಕರಿಸಿದ್ದಾರೆ. ಅಲ್ಲಿನ ಬಿದಿರು ನಯವಾದುದು, ಬುಡದಲ್ಲಿ ಕೊಂಬೆಯಿಲ್ಲದೆ ಕಂಬದಂತೆ ಏರಿ ತುದಿಯಲ್ಲಿ ಮಾತ್ರ ಬಾಗುವುದು. ನಮ್ಮ ಮಲೆನಾಡಿನ ಹೆಬ್ಬಿದಿರಿನಲ್ಲಿ ಲೀ ಮು ಬಾಯ್ ಹೀಗೆ ತೇಲಾಡಿದ್ದರೆ ಬಿಳಿ ನಿಲುವಂಗಿಯಷ್ಟೇ ಅಲ್ಲ, ಚರ್ಮವೂ ಮುಳ್ಳಿಗೆ ಸಿಕ್ಕಿ ನೇತಾಡುತ್ತಿತ್ತು.

ಆದರೆ ಗಾಳಿಗೆ ಬಿದಿರು ಬಾಗುವುದನ್ನು ದಿನವೂ ಕಂಡ ನನಗೆ ಆ ದೃಶ್ಯ ಸುಳ್ಳೆನಿಸಲಿಲ್ಲ. ಗಮನವಿಟ್ಟು ನೋಡಿ: ಇಬ್ಬರೂ ಒಂದೇ ಗಳುವಿನ ಮೇಲೆ ನಿಂತಾಗ ಲೀ ಮು ಬಾಯ್ ಗಳುವಿನ ಓಲಾಟಕ್ಕೆ ಮೈಯನ್ನು ಒಪ್ಪಿಸಿಬಿಟ್ಟಿರುತ್ತಾನೆ, ಜೆನ್ ಓಲಾಟದ ವಿರುದ್ಧ ಸೆಣಸುತ್ತಿರುತ್ತಾಳೆ, ತೋಳು ಅಗಲಿಸಿ, ಮಂಡಿ ಬಿಗಿದು. ಅವನು ಕಾಲಿನಿಂದ ತುಸುವೇ ಒತ್ತುತ್ತಾನೆ, ಅವಳು ಜಾರುತ್ತಾಳೆ. ಕತ್ತಿ ತಾಗುವ ಮೊದಲೇ ಗೆದ್ದವರು ಯಾರೆಂದು ತಿಳಿದುಹೋಗುತ್ತದೆ. ಗರಡಿಮನೆಯವರು ಕೇಳಿದ ತೂಕ ಅಲ್ಲಿದೆ, ಮುಷ್ಟಿಯಲ್ಲಿ ಹುಡುಕಿದರೆ ಸಿಗದು.

ಗರಡಿಮನೆ:
ಚೆನ್ನಾಗಿ ಬರೆದಿದ್ದೀರಿ, ಆದರೆ ಗೆದ್ದವರು ಯಾರೆಂದು ತಿಳಿದ ಮೇಲೂ ಐದು ನಿಮಿಷ ತೂಗಾಡುವುದೇಕೆ?

ಬಡಗುತಿಟ್ಟು:
ಯಕ್ಷಗಾನ ನೋಡಿ ಬೆಳೆದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ವೇಷಧಾರಿಯೊಬ್ಬರು ಸಾಲಾಗಿ ದಿಗಿಣ ಹಾಕುವಾಗ, ಯುದ್ಧದಲ್ಲಿ ಹೀಗೆ ಸುತ್ತಿ ಹಾರಿದರೆ ಬಾಣ ತಾಗದೇ ಎಂದು ಸಭೆಯಲ್ಲಿ ಯಾರಾದರೂ ಕೇಳಿದ್ದುಂಟೇ? ಆ ಹಾರಾಟವೇ ವೀರರಸ. ಈ ಚಿತ್ರದ ಮೂವರು ಮುಖ್ಯ ನಟಿಯರಿಗೂ ನೃತ್ಯದ ಹಿನ್ನೆಲೆಯಿದೆ ಎಂಬುದನ್ನು ಗಮನಿಸಬೇಕು: ಲೀ ಮು ಬಾಯ್‌ನ ಗೆಳತಿ ಶು ಲಿಯೆನ್ ಆಗಿ ನಟಿಸಿದ ಮಿಶೆಲ್ ಯೋ ಲಂಡನ್ನಿನಲ್ಲಿ ಬ್ಯಾಲೆ ಕಲಿತವರು, ಜೆನ್ ಪಾತ್ರದ ಜಾಂಗ್ ಝಿಯಿ ಹನ್ನೊಂದನೆಯ ವಯಸ್ಸಿನಿಂದಲೇ ಬೀಜಿಂಗಿನ ನೃತ್ಯಶಾಲೆಯಲ್ಲಿದ್ದವರು, ಜೇಡ್ ಫಾಕ್ಸ್ ಪಾತ್ರದ ಚೆಂಗ್ ಪೇ ಪೇ ಅವರೂ ಬ್ಯಾಲೆಯಿಂದಲೇ ಚಿತ್ರರಂಗಕ್ಕೆ ಬಂದವರು.

ನೆಲದ ಮೇಲಿನ ಕಾಳಗವೇ ಬೇಕೆನ್ನುವವರು ಅಂಗಳದ ದೃಶ್ಯವನ್ನು ಏಕೆ ಮರೆತಿರಿ? ಜೆನ್ ಕೈಯಲ್ಲಿ ಲೀ ಮು ಬಾಯ್‌ನ ಪ್ರಸಿದ್ಧ ಗ್ರೀನ್ ಡೆಸ್ಟಿನಿ ಕತ್ತಿ. ಶು ಲಿಯೆನ್ ಗೋಡೆಗೆ ಒರಗಿಸಿಟ್ಟ ಆಯುಧಗಳನ್ನು ಒಂದಾದ ಮೇಲೊಂದು ಎತ್ತಿಕೊಳ್ಳುತ್ತಾಳೆ. ಜೋಡಿ ಕತ್ತಿ ಹೋಯಿತು, ಈಟಿ ತುಂಡಾಯಿತು, ಕೊಕ್ಕೆಗತ್ತಿಗಳೂ ಸಾಲದಾದವು. ಕೊನೆಗೊಂದು ಭಾರಿ ಲೋಹದ ದಂಡವನ್ನು ಎತ್ತಲು ಹೋಗಿ, ಅದರ ಭಾರಕ್ಕೆ ತಾನೇ ಮುಗ್ಗರಿಸುತ್ತಾಳೆ. ನಗು ಬರುತ್ತದೆ, ಮರುಕ್ಷಣವೇ ಎದೆ ಹಿಡಿದುಕೊಳ್ಳುತ್ತದೆ. ಕಡೆಗೆ ಉಳಿದ ಮೊಂಡುಗತ್ತಿ ಜೆನ್‌ಳ ಕತ್ತಿನ ಬಳಿ ನಿಂತಾಗ ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಚಿತ್ರೀಕರಣದ ನಡುವೆ ಮೊಣಕಾಲಿನ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ನಟಿ ಈ ಮಿಶೆಲ್ ಯೋ ಎಂಬುದನ್ನು ತಿಳಿದ ಮೇಲೆ ಗೌರವ ಇಮ್ಮಡಿಯಾಯಿತು.

ಗರಡಿಮನೆ:
ಅಂಗಳದ ಕಾಳಗವನ್ನು ಒಪ್ಪುತ್ತೇನೆ. ಅದೊಂದನ್ನು ನಾನು ಶಿಷ್ಯರಿಗೂ ತೋರಿಸಿದ್ದೇನೆ. ಆಯುಧ ಬದಲಾದಂತೆ ಶು ಲಿಯೆನ್‌ಳ ಹೆಜ್ಜೆಯ ಅಂತರ ಬದಲಾಗುವುದನ್ನು ನೋಡಿ ಎಂದು ಅವರಿಗೆ ಹೇಳುತ್ತಿರುತ್ತೇನೆ. ಈಟಿ ಹಿಡಿದಾಗ ದೂರ, ಕೊಕ್ಕೆಗತ್ತಿ ಹಿಡಿದಾಗ ಹತ್ತಿರ. ಆದರೆ ಎರಡು ಗಂಟೆಯ ಚಿತ್ರದಲ್ಲಿ ಅಂತಹುದು ಒಂದೇ ಇದೆ ಎಂಬುದೇ ನನ್ನ ದೂರು.

ತಂತಿನಾದ:
ಮಾಳಿಗೆಯ ಮೇಲಿನ ಮೊದಲ ಬೆನ್ನಟ್ಟುವಿಕೆಗೆ ಬರಿಯ ಚರ್ಮವಾದ್ಯಗಳ ಹಿಮ್ಮೇಳವಿದೆ ಎಂಬುದನ್ನು ಯಾರೂ ಹೇಳಲಿಲ್ಲ. ತಂತಿಯಿಲ್ಲ, ಕೊಳಲಿಲ್ಲ. ಕಾಲು ಹೆಂಚಿಗೆ ತಾಗುವ ಲಯವನ್ನೇ ಸಂಗೀತ ಸಂಯೋಜಕ ಟಾನ್ ಡುನ್ ಚಂಡೆಯಂತೆ ನುಡಿಸಿದ್ದಾರೆ. ಪ್ರೇಮದ ದೃಶ್ಯಗಳಿಗೆ ಬಂದಾಗ ಯೋ ಯೋ ಮಾ ಅವರ ಚೆಲೋ. ನಿಮ್ಮ ಪತಿ ನಿದ್ದೆ ಹೋದದ್ದು ಚೆಲೋ ಕೇಳಿಸಿದ ಮೇಲೆಯೇ ಇರಬೇಕು. ಅದು ಸಂಗೀತದ ದೋಷವಲ್ಲ.

ಸಿಂಗಪುರವಾಸಿ:
ಹದಿನೆಂಟು ವರ್ಷಗಳಿಂದ ಸಿಂಗಪುರದಲ್ಲಿರುವ ನಾನು ಈ ಚಿತ್ರದ ಬಗ್ಗೆ ಚೀನೀ ಸಹೋದ್ಯೋಗಿಗಳೊಡನೆ ಊಟದ ವೇಳೆಯಲ್ಲಿ ಹಲವು ಬಾರಿ ಜಗಳವಾಡಿದ್ದೇನೆ. ನಾವು ಅಡಿಬರಹ ಓದಿ ನೋಡುವವರಿಗೆ ಗೊತ್ತೇ ಆಗದ ಒಂದು ಸಂಗತಿ ಅವರಿಗೆ ಕಿವಿಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ. ಲೀ ಮು ಬಾಯ್ ಪಾತ್ರದ ಚೌ ಯುನ್ ಫ್ಯಾಟ್ ಹಾಂಗ್‌ಕಾಂಗಿನವರು, ಮನೆಮಾತು ಕ್ಯಾಂಟನೀಸ್. ಮಿಶೆಲ್ ಯೋ ಮಲೇಷ್ಯಾದವರು. ಚಿತ್ರದ ಮ್ಯಾಂಡರಿನ್ ಚೀನೀ ಸಂಭಾಷಣೆಯನ್ನು ಉಚ್ಚಾರಣೆ ಕೇಳಿ ಕಂಠಪಾಠ ಮಾಡಿ ಒಪ್ಪಿಸಿದವರು. ಲೋ ಆಗಿ ನಟಿಸಿದ ಚಾಂಗ್ ಚೆನ್ ತೈವಾನಿನವರು. ಬೀಜಿಂಗಿನ ಹುಡುಗಿ ಜಾಂಗ್ ಝಿಯಿ ಒಬ್ಬಳೇ ಕಥೆ ನಡೆಯುವ ಊರಿನ ಮಾತನ್ನು ಆಡುತ್ತಾಳೆ. ಛಿಂಗ್ ರಾಜವಂಶದ ಕಾಲದ ಕತ್ತಿಗಾರರು ಹೀಗೆ ನಾಲ್ಕು ಊರಿನ ಧಾಟಿಯಲ್ಲಿ ಮಾತನಾಡಿದರೆ ಹೇಗಿರಬೇಕು? ಧಾರವಾಡದ ದೇಸಾಯರ ವಾಡೆಯ ಕಥೆಯಲ್ಲಿ ನಾಯಕ ಮಂಗಳೂರಿನ ಕನ್ನಡವನ್ನೂ ನಾಯಕಿ ಬಾಯಿಪಾಠ ಮಾಡಿದ ಕನ್ನಡವನ್ನೂ ಆಡಿದಂತೆ.

ಚೀನಾದಲ್ಲಿ ಈ ಚಿತ್ರಕ್ಕೆ ಸಿಕ್ಕ ಸ್ವಾಗತ ತಣ್ಣಗಿತ್ತು ಎಂಬುದಕ್ಕೆ ಇದೂ ಒಂದು ಕಾರಣ. ಇಂತಹ ಹಾರಾಟವನ್ನು ಹಾಂಗ್‌ಕಾಂಗ್ ಚಿತ್ರಗಳಲ್ಲಿ ಬಾಲ್ಯದಿಂದ ಕಂಡವರಿಗೆ ಹೊಸತೇನೂ ಇರಲಿಲ್ಲ ಎಂಬುದು ಇನ್ನೊಂದು. ಇತ್ತ ಅಮೆರಿಕದಲ್ಲಿ, ಸುಮಾರು 1.7 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಅಲ್ಲಿ ಮಾತ್ರವೇ 12.8 ಕೋಟಿ ಡಾಲರ್ ಗಳಿಸಿತು. 2001ರಲ್ಲಿ ಹತ್ತು ಆಸ್ಕರ್ ನಾಮನಿರ್ದೇಶನ ಪಡೆದು ನಾಲ್ಕನ್ನು ಗೆದ್ದಿತು. ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಹೋದದ್ದು ತೈವಾನಿಗೆ.

ನೇರನುಡಿ:
ಹಾಗಾದರೆ ಇದು ಪರದೇಶದವರಿಗಾಗಿ ಅಲಂಕರಿಸಿಟ್ಟ ಚೀನಾ ಎಂದಾಯಿತು. ನನ್ನ ಅನುಮಾನ ಮೊದಲಿನಿಂದಲೂ ಅದೇ.

ಸಿಂಗಪುರವಾಸಿ:
ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ಆಂಗ್ ಲೀ ತೈವಾನಿನಲ್ಲಿ ಹುಟ್ಟಿದವರು, ಅವರ ತಂದೆತಾಯಿ ಮುಖ್ಯಭೂಮಿಯಿಂದ ಅಲ್ಲಿಗೆ ವಲಸೆ ಬಂದವರು. ಮನೆಯ ಮಾತಿನಲ್ಲೂ ಓದಿದ ಕಾದಂಬರಿಯಲ್ಲೂ ಮಾತ್ರ ಉಳಿದ ಊರನ್ನು ಅವರು ಕಟ್ಟಿದ್ದಾರೆ. ಅದು ಪರದೇಶದವರ ಚೀನಾ ಅಲ್ಲ, ಊರು ಬಿಟ್ಟವರ ಚೀನಾ. ಸಿಂಗಪುರದಲ್ಲಿ ಹುಟ್ಟಿದ ನನ್ನ ಮಗಳು ಚಿತ್ರಿಸುವ ಹಾಸನ ಜಿಲ್ಲೆಯನ್ನು ನೀವು ನೋಡಬೇಕು. ಅದರಲ್ಲಿ ಯಾವಾಗಲೂ ಮಳೆ ಬರುತ್ತಿರುತ್ತದೆ.

ಕಪ್ಪುಹಲಗೆ:
ಮೂಲಪ್ರಶ್ನೆ ಹಾಕಿದವರ ಅತ್ತೆಯವರು ಆಡಿದ ಒಂದು ಮಾತನ್ನು ಇಷ್ಟು ಜನ ದಾಟಿಕೊಂಡು ಹೋದದ್ದು ನನಗೆ ಆಶ್ಚರ್ಯ ತಂದಿದೆ. ಮೂವತ್ತೊಂದು ವರ್ಷ ಹಳ್ಳಿಯ ಶಾಲೆಗಳಲ್ಲಿ ಅಕ್ಷರ ಕಲಿಸಿ ನಿವೃತ್ತಳಾದ ನನಗೆ ಇಡೀ ಚಿತ್ರವೇ ಆ ಮಾತಿನಲ್ಲಿ ಅಡಗಿದಂತೆ ಕಾಣುತ್ತದೆ.

ಜೇಡ್ ಫಾಕ್ಸ್ ಏಕೆ ಕೊಲೆಗಾತಿಯಾದಳು ಎಂಬುದನ್ನು ಅವಳೇ ಹೇಳುತ್ತಾಳೆ. ಲೀ ಮು ಬಾಯ್‌ನ ಗುರು ಅವಳನ್ನು ಹಾಸಿಗೆಗೆ ಕರೆದ, ವಿದ್ಯೆಗೆ ಕರೆಯಲಿಲ್ಲ. ವೂಡಾಂಗಿನಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅವಳು ಅವನನ್ನು ಕೊಂದು ಗುಪ್ತವಿದ್ಯೆಯ ಗ್ರಂಥವನ್ನು ಕದ್ದಳು. ಕದ್ದ ಮೇಲೆ ಆದದ್ದೇನು? ಅವಳು ಚಿತ್ರಗಳನ್ನು ನೋಡಿ ಭಂಗಿಗಳನ್ನು ಅಭ್ಯಾಸ ಮಾಡಿದಳು. ಪಕ್ಕದಲ್ಲಿದ್ದ ಅಕ್ಷರಗಳನ್ನು ಓದಲು ಅವಳಿಂದ ಆಗಲಿಲ್ಲ. ರಾಜ್ಯಪಾಲನ ಮನೆಯಲ್ಲಿ ಆಯಾ ಆಗಿ ಸೇರಿ ಹತ್ತು ವರ್ಷದ ಜೆನ್‌ಗೆ ಗುಟ್ಟಾಗಿ ಕಲಿಸತೊಡಗಿದಳು. ದೊಡ್ಡ ಮನೆಯ ಮಗುವಾದ ಜೆನ್‌ಗೆ ಓದು ಬರುತ್ತಿತ್ತು. ಅವಳು ಬರಹವನ್ನು ಓದಿದಳು, ಗುರುವನ್ನು ಮೀರಿದಳು, ಮೀರಿದ್ದನ್ನು ಬಚ್ಚಿಟ್ಟಳು. ತನ್ನ ಕೈಯಲ್ಲೇ ಇದ್ದ ಪುಸ್ತಕ ತನಗೆ ಅರ್ಧವೇ ಸಿಕ್ಕಿತ್ತೆಂದು ಆ ಹೆಂಗಸಿಗೆ ತಿಳಿಯುವ ಗಳಿಗೆಯಲ್ಲಿ ಅವಳ ಮುಖವನ್ನು ನೋಡಿ. ಸಾಲಪತ್ರದಲ್ಲಿ ಬರೆದದ್ದು ಒಂದು, ಓದಿ ಹೇಳಿದ್ದು ಇನ್ನೊಂದು ಎಂದು ವರ್ಷಗಳ ಮೇಲೆ ತಿಳಿದುಬಂದ ತಾಯಂದಿರ ಮುಖಗಳನ್ನು ನಾನು ಕಂಡಿದ್ದೇನೆ. ಅದೇ ಮುಖ.

ಅಡಿಬರಹ ಓದಲಾರದ ಅತ್ತೆಯವರು ಚಿತ್ರವನ್ನಷ್ಟೇ ನೋಡಿ ಅದನ್ನು ಕಂಡುಕೊಂಡರು ಎಂಬುದನ್ನು ಗಮನಿಸಿ.

ಹಳೇಟಾಕೀಸು:
ಕಪ್ಪುಹಲಗೆಯವರ ಮಾತಿಗೆ ಪೂರಕವಾದ ಒಂದು ವಿವರ. ಜೇಡ್ ಫಾಕ್ಸ್ ಆಗಿ ನಟಿಸಿದ ಚೆಂಗ್ ಪೇ ಪೇ, 1966ರಲ್ಲಿ ಕಿಂಗ್ ಹು ನಿರ್ದೇಶಿಸಿದ ‘ಕಮ್ ಡ್ರಿಂಕ್ ವಿತ್ ಮಿ’ ಚಿತ್ರದಲ್ಲಿ ಹೋಟೆಲಿನ ನಡುವೆ ಒಬ್ಬಳೇ ಕುಳಿತು ಪುಂಡರ ಗುಂಪನ್ನು ಎದುರಿಸುವ ಕತ್ತಿಗಾತಿ. ಕದನಕಲೆಯ ಚಿತ್ರಗಳಲ್ಲಿ ಹೆಣ್ಣು ನಾಯಕಿಯಾಗಬಹುದೆಂದು ತೋರಿಸಿಕೊಟ್ಟ ಮುಖಗಳಲ್ಲಿ ಒಂದು. ಈ ಚಿತ್ರದಲ್ಲಿ ಜೆನ್ ಹೋಟೆಲನ್ನು ಪುಡಿಪುಡಿ ಮಾಡುವ ದೃಶ್ಯ ಆ ಹಳೆಯ ದೃಶ್ಯಕ್ಕೆ ಸಲ್ಲಿಸಿದ ನಮಸ್ಕಾರ. ಬಿದಿರಿನ ಕಾಳಗವೂ ಅಷ್ಟೇ. ಅದೇ ಕಿಂಗ್ ಹು ಅವರ ‘ಎ ಟಚ್ ಆಫ್ ಝೆನ್’ ಚಿತ್ರದಲ್ಲಿ ಬಿದಿರು ಮೆಳೆಯ ಪ್ರಸಿದ್ಧ ಕಾಳಗವಿದೆ, ಆ ಚಿತ್ರಕ್ಕೆ 1975ರಲ್ಲಿ ಕಾನ್ ಉತ್ಸವದ ತಾಂತ್ರಿಕ ಪ್ರಶಸ್ತಿಯೂ ಬಂದಿತ್ತು. ‘ಕಮ್ ಡ್ರಿಂಕ್ ವಿತ್ ಮಿ’ಯ ನಾಯಕಿಯನ್ನೇ ಕರೆತಂದು, ವಿದ್ಯೆ ಸಿಗದ ಹೆಂಗಸಿನ ಪಾತ್ರ ಕೊಟ್ಟದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದೆ.

ನೇರನುಡಿ:
ಅನುಕಂಪಕ್ಕೂ ಮಿತಿಯಿರಬೇಕು. ಆಕೆ ಪೊಲೀಸ್ ಅಧಿಕಾರಿಯ ಹೆಂಡತಿಯನ್ನು ಕೊಂದವಳು, ಮಗಳೊಡನೆ ನ್ಯಾಯ ಕೇಳಲು ಬಂದ ಆ ಅಧಿಕಾರಿಯನ್ನೂ ಕೊಂದವಳು. ಏಕಲವ್ಯನಿಗೂ ದ್ರೋಣ ವಿದ್ಯೆ ಕೊಡಲಿಲ್ಲ. ಅವನು ಯಾರಿಗೂ ವಿಷದ ಸೂಜಿ ಎಸೆಯಲಿಲ್ಲ.

ಕಪ್ಪುಹಲಗೆ:
ಏಕಲವ್ಯ ಹೆಬ್ಬೆರಳು ಕೊಟ್ಟದ್ದರಿಂದ ಅವನನ್ನು ನಾವು ಹೊಗಳುತ್ತೇವೆ, ಫಾಕ್ಸ್ ಕೊಡಲು ಒಪ್ಪದ್ದರಿಂದ ತೆಗಳುತ್ತೇವೆ. ಅವಳ ಕೊಲೆಗಳನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಲೀ ಮು ಬಾಯ್ ಜೆನ್‌ಳನ್ನು ಕಂಡೊಡನೆ, ವೂಡಾಂಗ್ ಹೆಂಗಸರನ್ನು ಸೇರಿಸಿಕೊಳ್ಳದಿದ್ದರೂ ಇವಳಿಗಾಗಿ ನಿಯಮ ಸಡಿಲಿಸಬಹುದು, ಇಲ್ಲವಾದರೆ ಇವಳು ವಿಷಕಾರುವ ನಾಗಿಣಿಯಾದಾಳು ಎಂಬರ್ಥದ ಮಾತನ್ನು ಆಡುತ್ತಾನೆ. ಅದೇ ಮಾತು ಹಿಂದಿನ ತಲೆಮಾರಿನ ಹೆಂಗಸಿಗೂ ಅನ್ವಯಿಸುತ್ತಿತ್ತೇ ಎಂದು ಅವನು ಒಮ್ಮೆಯೂ ಯೋಚಿಸುವುದಿಲ್ಲ. ಗುರುವಿನ ಕೊಲೆಗೆ ಸೇಡು ತೀರಿಸುವುದು ಅವನಿಗೆ ಗೊತ್ತು, ಗುರುವಿನ ತಪ್ಪನ್ನು ಕೇಳುವುದು ಗೊತ್ತಿಲ್ಲ.

ಬಡಗುತಿಟ್ಟು:
ಇದನ್ನು ಓದಿದ ಮೇಲೆ ಲೀ ಮು ಬಾಯ್ ಮೇಲಿದ್ದ ಗೌರವ ಸ್ವಲ್ಪ ಇಳಿಯಿತು. ಆದರೂ ಅವನ ಸಾವಿನ ದೃಶ್ಯವನ್ನು ಬಿಟ್ಟುಕೊಡಲಾರೆ. ಶು ಲಿಯೆನ್‌ಗೆ ನಿಶ್ಚಯವಾಗಿದ್ದ ವರ ಲೀ ಮು ಬಾಯ್‌ನೊಡನೆ ಪ್ರಮಾಣ ಮಾಡಿ ಅಣ್ಣತಮ್ಮನಾದವನು. ಅವನು ಸತ್ತ ಮೇಲೂ ಅವನ ಹೆಸರಿಗೆ ಕಳಂಕ ಬಾರದಿರಲೆಂದು ಇಬ್ಬರೂ ವರ್ಷಗಟ್ಟಲೆ ಮನಸ್ಸನ್ನು ಕಟ್ಟಿಟ್ಟಿರುತ್ತಾರೆ. ಕೊನೆಯುಸಿರಿನ ಬಲವನ್ನು ಧ್ಯಾನಕ್ಕೆ ಬಳಸಿಕೋ ಎಂದು ಅವಳು ಬೇಡಿದರೆ, ಅವನು ಆ ಉಸಿರನ್ನು ಪ್ರೀತಿ ಹೇಳಿಕೊಳ್ಳಲು ಖರ್ಚು ಮಾಡಿಬಿಡುತ್ತಾನೆ. ಕಟ್ಟಿಕೊಂಡ ಸಾಧನೆಯನ್ನೆಲ್ಲ ಒಂದು ವಾಕ್ಯಕ್ಕೆ ಕೊಟ್ಟವನು.

ಗರಡಿಮನೆ:
ಆ ವಾಕ್ಯವನ್ನು ಹತ್ತು ವರ್ಷ ಮೊದಲೇ ಹೇಳಿದ್ದರೆ ಚಿತ್ರವೇ ಬೇಕಿರಲಿಲ್ಲ.

ಮುಳ್ಳುಬಿದಿರು:
ನಮ್ಮೂರಿನಲ್ಲಿ ಅಂತಹ ಎರಡು ಮನೆಗಳನ್ನು ನಾನು ಬಲ್ಲೆ. ಹೇಳಲೇ ಇಲ್ಲ.

ಸಿಂಗಪುರವಾಸಿ:
ಮೂಲಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಶೀರ್ಷಿಕೆಯಿಂದ ಆರಂಭಿಸುತ್ತೇನೆ. ‘ಬಾಗಿ ಕುಳಿತ ಹುಲಿ, ಅಡಗಿದ ಡ್ರ್ಯಾಗನ್’ ಎಂಬುದು ಚೀನೀ ನುಡಿಗಟ್ಟು. ಮೇಲ್ನೋಟಕ್ಕೆ ಕಾಣದ ಶಕ್ತಿವಂತರು ಇರುವ ಜಾಗವೆಂದು ಅದರರ್ಥ. ನಮ್ಮ ‘ಬೂದಿ ಮುಚ್ಚಿದ ಕೆಂಡ’ಕ್ಕೆ ಹತ್ತಿರ. ಆದರೆ ಅದರಲ್ಲಿ ಇನ್ನೊಂದು ಗುಟ್ಟಿದೆ. ಲೋನ ಪೂರ್ಣ ಹೆಸರಿನಲ್ಲಿ ಹುಲಿ ಎಂಬ ಅಕ್ಷರವಿದೆ, ಜೆನ್‌ಳ ಚೀನೀ ಹೆಸರಾದ ಜಿಯಾವ್‌ಲಾಂಗ್‌ನಲ್ಲಿ ಡ್ರ್ಯಾಗನ್ ಎಂಬ ಅಕ್ಷರವಿದೆ. ಅಂದರೆ ಶೀರ್ಷಿಕೆ ಈ ಕಿರಿಯ ಜೋಡಿಯದು. ನಾವು ಚೌ ಯುನ್ ಫ್ಯಾಟ್ ಮುಖ ನೋಡಿ ಕಥೆ ಲೀ ಮು ಬಾಯ್‌ನದೆಂದು ತಿಳಿದು, ಕೊನೆಯ ಐದು ನಿಮಿಷವನ್ನು ಬಾಲವೆಂದುಕೊಳ್ಳುತ್ತೇವೆ.

ಹಾರಾಟದ ಸುಳಿವು ಮರುಭೂಮಿಯ ಪ್ರಸಂಗದಲ್ಲಿದೆ, ನಿಮ್ಮ ಪತಿ ಮಲಗಿದ್ದ ಹೊತ್ತಿನಲ್ಲಿ. ಕಾಯಿಲೆಬಿದ್ದ ತಂದೆತಾಯಿಗಾಗಿ ಬೆಟ್ಟದಿಂದ ಹಾರಿದ ಹುಡುಗನ ಕಥೆಯನ್ನು ಲೋ ಅವಳಿಗೆ ಹೇಳುತ್ತಾನೆ: ಅವನಿಗೆ ಗಾಯವಾಗಲಿಲ್ಲ, ತೇಲಿ ಹೋದ, ಮರಳಿ ಬರಲಿಲ್ಲ, ಬೇಡಿಕೆ ಮಾತ್ರ ಈಡೇರಿತು. ಕೊನೆಯಲ್ಲಿ ಜೆನ್ ಅದೇ ಕಥೆಯನ್ನು ನೆನಪಿಸಿ, ಬೇಡಿಕೊಳ್ಳಲು ಲೋನಿಗೆ ಹೇಳುತ್ತಾಳೆ. ಇಬ್ಬರೂ ಮತ್ತೆ ಮರುಭೂಮಿಯಲ್ಲಿರಬೇಕೆಂದು ಅವನು ಕಣ್ಣು ಮುಚ್ಚಿ ಬೇಡುತ್ತಾನೆ. ಅವಳು ಹಾರುತ್ತಾಳೆ.

ನೇರನುಡಿ:
ಬೇಡಿಕೊಂಡವನು ಸೇತುವೆಯ ಮೇಲೆ ಒಬ್ಬನೇ ನಿಂತಿದ್ದಾನೆ. ಇದು ಯಾವ ಬಗೆಯ ಈಡೇರಿಕೆ? ಜೆನ್ ಔಷಧ ತರುವಷ್ಟರಲ್ಲಿ ಲೀ ಮು ಬಾಯ್ ಸತ್ತ. ಆ ಪಾಪಭಾರಕ್ಕೆ ಅವಳು ಪ್ರಾಣ ಕೊಟ್ಟಳು. ಇಷ್ಟು ಸರಳವಾದುದಕ್ಕೆ ಕಥೆ ಕಟ್ಟುವುದು ಬೇಡ.

ಹಳೇಟಾಕೀಸು:
ವಾಂಗ್ ಡುಲು ಅವರ ಕಾದಂಬರಿಯಲ್ಲಿಯೂ ಅವಳು ಬೆಟ್ಟದಿಂದ ಹಾರುತ್ತಾಳೆ. ಅಲ್ಲಿ ಕಾರಣ ತಂದೆಯ ಕಾಯಿಲೆಗೆ ಹೊತ್ತ ಹರಕೆ. ಅವಳು ಸಾಯುವುದಿಲ್ಲ, ಸತ್ತಳೆಂದು ಮನೆಯವರು ನಂಬುವಂತೆ ಮಾಡಿ ಆ ದೊಡ್ಡ ಮನೆತನದಿಂದ ತಪ್ಪಿಸಿಕೊಳ್ಳುತ್ತಾಳೆ. ಸರಣಿಯ ಐದನೆಯ ಕಾದಂಬರಿಯಲ್ಲೂ ಬರುತ್ತಾಳೆ. ಆಂಗ್ ಲೀ ಹರಕೆಯನ್ನು ತೆಗೆದರು, ಬದುಕುವುದನ್ನೂ ತೋರಿಸಲಿಲ್ಲ, ಮೋಡವನ್ನಷ್ಟೇ ಉಳಿಸಿಕೊಂಡರು. ಅಂದಹಾಗೆ, ಚಿತ್ರದಲ್ಲಿ ವೂಡಾಂಗ್ ಎಂದು ಕಾಣುವ ಆ ಸೇತುವೆ ಇರುವುದು ಹುಬೈ ಪ್ರಾಂತ್ಯದ ನಿಜವಾದ ವೂಡಾಂಗಿನಲ್ಲಲ್ಲ, ಹೆಬೈ ಪ್ರಾಂತ್ಯದ ಕಾಂಗ್‌ಯಾನ್ ಬೆಟ್ಟದಲ್ಲಿ. ಎರಡು ಬಂಡೆಗಳ ನಡುವಿನ ಕಮಾನಿನ ಮೇಲೆಯೇ ಗುಡಿ ಕಟ್ಟಿದ್ದಾರೆ.

ಕಪ್ಪುಹಲಗೆ:
ನನಗೆ ಇಲ್ಲೊಂದು ಭಾಷೆಯ ಚಪಲ. ಮೂಲಪ್ರಶ್ನೆಯಲ್ಲಿ ಸಂಜೆಮಲ್ಲಿಗೆಯವರು ‘ಹಾರಿದ್ದೇಕೆ’ ಎಂದು ಬರೆದರು, ನೇರನುಡಿಯವರು ಅದನ್ನು ‘ಪ್ರಾಣ ಕೊಟ್ಟಳು’ ಎಂದು ಓದಿಕೊಂಡರು. ಕನ್ನಡದಲ್ಲಿ ಬಾವಿಗೆ ಹಾರುವುದೂ ಹಾರುವುದೇ, ಹಕ್ಕಿ ಹಾರುವುದೂ ಹಾರುವುದೇ. ನಿರ್ದೇಶಕ ಎರಡು ಗಂಟೆ ಕಾಲ ಜನರನ್ನು ಮಾಳಿಗೆಯಿಂದ, ಬಿದಿರಿನಿಂದ, ನೀರಿನ ಮೇಲಿಂದ ಎರಡನೆಯ ಅರ್ಥದಲ್ಲಿ ಹಾರಿಸಿ, ಕೊನೆಯ ಸಲ ಮಾತ್ರ ಮೊದಲನೆಯ ಅರ್ಥದಲ್ಲಿ ಹಾರಿಸಿದರೇ? ಅವಳು ಬೀಳುವ ಬಗೆ ನೋಡಿ: ತೋಳು ಚಾಚಿ, ಮುಖ ಮೇಲಾಗಿ, ನಿಧಾನಕ್ಕೆ.

ಗರಡಿಮನೆ:
ಮೊದಲ ಹಾರಾಟದ ಅರ್ಥವನ್ನು ಹೇಳಿರೆಂದು ನಾನು ಆರಂಭದಲ್ಲೇ ಕೇಳಿದ್ದೆ. ಉತ್ತರ ಸುತ್ತಿಕೊಂಡು ಇಲ್ಲಿಗೆ ಬಂದಿತು. ಒಪ್ಪಿದೆನೆಂದಲ್ಲ, ಕೇಳಿಸಿಕೊಂಡೆ.

ನೇರನುಡಿ:
‘ಧುಮುಕಿದ್ದೇಕೆ’ ಎಂದು ಶೀರ್ಷಿಕೆಯನ್ನು ತಿದ್ದಬೇಕೆಂದು ವಿನಂತಿ.

ಬಡಗುತಿಟ್ಟು:
ತಿದ್ದಬಾರದೆಂದು ನನ್ನ ವಿನಂತಿ.

ತಂತಿನಾದ:
2016ರಲ್ಲಿ ಯುಯೆನ್ ವೂ ಪಿಂಗ್ ಅವರೇ ನಿರ್ದೇಶಿಸಿದ ಮುಂದುವರಿದ ಭಾಗವೂ ಬಂದಿದೆ, ಅದು ಇಂಗ್ಲಿಷ್ ಮಾತಿನದು, ಅದರಲ್ಲಿಯೂ ಮಿಶೆಲ್ ಯೋ ಇದ್ದಾರೆ. ನೋಡುವ ಮನಸ್ಸಿದ್ದವರಿಗೆ ನನ್ನ ಸಲಹೆ: ಬದಲಿಗೆ ಮೊದಲನೆಯದನ್ನೇ ಇನ್ನೊಮ್ಮೆ, ದೊಡ್ಡ ಧ್ವನಿಯಲ್ಲಿ ನೋಡಿ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದಗಳು. ಶೀರ್ಷಿಕೆಯನ್ನು ಹಾಗೆಯೇ ಬಿಡುತ್ತೇನೆ. ನಿನ್ನೆ ಸಂಜೆ ಮಗನಿಗೆ ಅಂಗಳದ ಕಾಳಗವನ್ನು ಮತ್ತೆ ಹಾಕಿಕೊಟ್ಟೆ. ಹೆಜ್ಜೆಯ ಅಂತರದ ಮಾತನ್ನು ಹೇಳಿದ ಮೇಲೆ ನಗದೆ ನೋಡಿದ, ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ, ಆಮೇಲೆ ಮಾಪು ಕೋಲು ಹಿಡಿದು ಹಜಾರದಲ್ಲಿ ಪ್ರಯೋಗಕ್ಕಿಳಿದು ಗೋಡೆಯ ಗಡಿಯಾರವನ್ನು ಕೆಳಗಿಳಿಸಿದ.

ಕಪ್ಪುಹಲಗೆಯವರ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಅನ್ನದೆ, “ಹಾಗಾದರೆ ಆ ಆಯಮ್ಮನ ಭಾಗವನ್ನು ಹಾಕು” ಎಂದರು. ಈ ಬಾರಿ ನಾನು ಪಕ್ಕದಲ್ಲಿ ಕುಳಿತು ಅಡಿಬರಹವನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಸಿಗೆಗೆ ಕರೆದ ಗುರುವಿನ ಮಾತು ಬಂದಾಗ, “ನನಗೆ ಗೊತ್ತಿತ್ತು” ಎಂದರು. ಸಾಯುವ ಹೊತ್ತಿಗೆ ಫಾಕ್ಸ್, ತಾನು ಸಿದ್ಧಪಡಿಸಿದ ವಿಷ ನಿಜವಾಗಿ ಜೆನ್‌ಗಾಗಿ ಇದ್ದುದೆಂದು ಹೇಳುತ್ತಾಳಲ್ಲ, ಅದನ್ನು ಹೇಳಿದೊಡನೆ ಅತ್ತೆ ನನ್ನ ಕಡೆ ತಿರುಗಿ, “ಸಾಕಿದ ಹುಡುಗಿಗೇ?” ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಓದಿ ಹೇಳದಿದ್ದರೇ ಚೆನ್ನಾಗಿತ್ತು” ಎಂದು ಎದ್ದು ಒಳಗೆ ಹೋದರು.